ಕಂಬದ ಬುಡದ ಚಪ್ಲಿ

ನನ್ನ ಗಂಡ ಬಾಲು ಟಿ.ವಿ. ಟವರ್ ಹತ್ತೂ ಮುಂದ ಚಪ್ಲಿ ಕಂಬದ ಬುಡಕ್ಕ ಬಿಟ್ಟು ಹತ್ತತಾನ. ಆ ಚಪ್ಲಿ ಅಲ್ಲಿ ಇರೂತನಕ ಯಾರೂ ಮಶಿನ್ ಚಾಲೂ ಮಾಡಂಗಿಲ್ಲ. ಮ್ಯಾಲ ಮನಷ್ಯಾ ಇದ್ದಾಗ ಚಾಲೂ ಮಾಡಿದ್ರ ಸುಟ್ಟು ಕೆಳಗ ಬೀಳ್ತಾನ ಅನ್ನೂದು ಕೆಲಸದವರಿಗೆಲ್ಲಾ ಗೊತ್ತು. "ಜೀವಕ್ಕ ಹರಕ ಚಪ್ಲಿ ಕಾವಲೇನು?" ಅಂತ ನಾನ ಚೇಷ್ಟಾ ಮಾಡತಿದ್ದೆ. ನನ್ನ ಬಾಯಿ ಅಂಥಾದ್ದು. ಯಾರರ ಒಂದ ಮಾತಂದ್ರ ಎರಡು ತಿರುಗಿ ಕೊಡದಿದ್ರ ನನಗ ಅನ್ನ ಇಳಿಯಂಗಿಲ್ಲ.

ನಮ್ಮ ರಾಮನಗರದಾಗ ಗೋವಾ ಚಾನಲ್ ಬರತಿತ್ತು, ಆದ್ರ ಏನ್ ಬರೂದು ಸುಡಗಾಡು? ನಡುವ ಘಾಟಿನ ಗುಡ್ಡ. ಹಾಡೋರಿಗೆ ಮೂಗಿಲ್ಲ, ಓಡೋರಿಗೆ ಕಾಲಿಲ್ಲ. ಅದಕ್ಕ ಗುಡ್ಡದ ಮ್ಯಾಲಿನ ಟ್ರಾನ್ಸ್‌ಮಿಟರ್ ತಗದು ದೊಡ್ಡದು ಹಾಕಿ, ಕಂಬದ ತುದಿಗೆ ಹೊಸಾ ಆಂಟೆನಾ ಕೂಡಸೂ ಕೆಲಸ ನಡದಿತ್ತು. ಅವತ್ತ ನಮ್ಮ ಕಡೆ ಸಾಂಬ್ರಾಣಿ ಊರಿನ ಹುಡುಗಿ ಸಹನಾಂದು ಗೋವಾದಾಗ ಕುಸ್ತಿ ಫೈನಲ್. ಬ್ಯಾರೆ ಯಾವ ಚಾನಲ್‌ನಾಗೂ ತೋರಸಂಗಿಲ್ಲ. ಅರ್ಧ ಊರು ಗುಡ್ಡ ಹತ್ತಿ ಬಂದು ಮಶಿನ್ ಖೋಲ್ಯಾಗಿನ ಟಿ.ವಿ. ಮುಂದ ಕುಂತಿತ್ತು. ಮಗನ ಕೆಲಸ ನೋಡಾಕ ನಮ್ಮತ್ತಿ ಗಂಗಿಬಾಯಿನೂ ಬಂದಿದ್ರು.

ಕಡೀ ಬೋಲ್ಟ್ ಬಿಗಿಯಾಕ ಬಾಲು ಮ್ಯಾಲ ಹತ್ತಿದ. ನಾನು ಚಹಾಕ್ಕ ನೀರು ತರಾಕ ಕೆಳಗಿನ ಝರಿಗೆ ಹೋದೆ. ಅಷ್ಟರಾಗ ಮಳಿ ಬಂತು, ಅದರ ಬೆನ್ನಿಗೆ ಮಂಜು. ಕಂಬದ ತುದಿ ಕಾಣದಂಗಾತು.

ತಿರುಗಿ ಬರೂದ್ರಾಗ ಖೋಲ್ಯಾಗ ಗದ್ದಲ. "ಹಚ್ರಿ ಪರಸಪ್ಪಾರ, ಕುಸ್ತಿ ಶುರು ಆತು!" ಪರಸಪ್ಪ ಅಂದ್ರ ಮಶಿನ್ ನೋಡ್ಕೊಳ್ಳಾಂವ, ಧಾರವಾಡದ ಕಡ್ಯಾಂವ. ನಾನು ಕಂಬದ ಬುಡ ನೋಡಿದೆ. ಚಪ್ಲಿ ಇರಲಿಲ್ಲ. ಇಳದಾನ ಬಿಡು ಅನಕೊಂಡೆ, ಖರೇನ. ಆದ್ರ ಸಾಮಾನು ಏರಸೂ ಹಗ್ಗ ಜಗ್ಗಿ ಜಗ್ಗಿ ಅಲುಗತಿತ್ತು. ಗಾಳಿ ಹಂಗ ಜಗ್ಗಂಗಿಲ್ಲ.

ಕೊಡ ಒಗದು ಓಡಿದೆ. ಪರಸಪ್ಪನ ಕೈ ಮಶಿನ್ ಚಾಲೂ ಮಾಡೂ ಹಿಡಿಕಿ ಮ್ಯಾಲ ಇತ್ತು.

"ಬ್ಯಾಡ್ರೀ! ಅಂವಾ ಮ್ಯಾಲ ಅದಾನ!"

"ಚಪ್ಲಿ ಇಲ್ಲಲ್ಲವಾ ತುಳಜಾ. ಇಳದಿರಬೇಕು."

"ಇಳದಿದ್ರ ಎಲ್ಲಿ ಅದಾನ? ತೋರಸ್ರಿ!"

"ಏ, ಇಕಿದು ಯಾವಾಗಲೂ ಇದ! ಸರಸ್ರಿ ಆಕಿನ್ನ!" ಅಂತ ಯಾವನೋ ನನ್ನ ರಟ್ಟಿ ಹಿಡದು ಜಗ್ಗಿದ. ಕೊಸರಿಕೊಂಡು, ಪರಸಪ್ಪನ್ನ ದಬ್ಬಿ, ಹಿಡಿಕಿಗೆ ಅಡ್ಡ ನಿಂತೆ. ಅಂಜಿಕಿ ಅಂದ್ರ ಏನು ಅಂತ ಅವತ್ತ ತಿಳೀತು ನನಗ.

"ಮುಟ್ರಿ ನೋಡೂಣು! ನನ್ನ ದಾಟಿ ಮುಟ್ರಿ!"

ಆಗ ಮಂಜಿನೊಳಗಿಂದ ಬಾಲು ಒದರಿದ್ದು ಕೇಳಿಸ್ತು. "ಬೋಲ್ಟ್ ಬಿಗಿಯೂ ಪಾನಾ ಕಳಸ್ರ್ಯೋ! ಕೆಳಗ ಎಲ್ಲಾರೂ ಸತ್ರೇನು?"

ಪರಸಪ್ಪ ನೆಲಕ್ಕ ಕುಂತಬಿಟ್ಟ.

ಮೂಲ್ಯಾಗ ಅತ್ತಿ ನಿಂತಿದ್ರು. ಸೆರಗಿನಾಗ ಮಗನ ಚಪ್ಲಿ. ಮಳ್ಯಾಗ ತೋಯ್ತಾವ ಅಂತ ಎತ್ತಿ ತಂದು, ಒರಸಿ ಇಟಗೊಂಡಿದ್ರು. ಕೆಲಸದ ಕಟ್ಟಳೆ ಅವರಿಗೆ ಏನ್ ಗೊತ್ತು? ಪರಸಪ್ಪ ಚಪ್ಲಿ ಮಾತು ಎತ್ತಿದಾಗ ತಿಳದಿತ್ತು, ಆದ್ರ ಬಾಯಿ ಕಟ್ಟಿತ್ತು. ಆ ಮಾರಿ ನೋಡೂದು ನನ್ನ ವೈರಿಗೂ ಬ್ಯಾಡ. ಯಾರರ ನೋಡೂದ್ರೊಳಗ ಅವರ ಕೈಲಿಂದ ಚಪ್ಲಿ ಇಸಗೊಂಡೆ.

ಬಾಲು ಇಳಿಯೂದ್ರಾಗ ಕುಸ್ತಿ ಮುಗದಿತ್ತು. ಸಹನಾ ಗೆದ್ಲಂತ, ಗೋವಾದಿಂದ ಯಾರೋ ಫೋನ್ ಮಾಡಿ ಹೇಳಿದ್ರು. ಒಬ್ಬರೂ ಚಪ್ಪಾಳಿ ಹೊಡೀಲಿಲ್ಲ. ಪರಸಪ್ಪ ಅಳಕೋತ ನಡದದ್ದೆಲ್ಲಾ ಬಾಲುಗ ಹೇಳಿದ.

"ಚಪ್ಲಿ ಯಾರು ಎತ್ತಿದ್ದು?"

ಅತ್ತಿ ಬಾಯಿ ತಗದ್ರು. ಮಾತು ಹೊಂಡಲಿಲ್ಲ.

"ನಾನ," ಅಂದೆ. "ತೋಯ್ತಾವ ಅಂತ."

ಪರಸಪ್ಪ ಏನೋ ಅನ್ನಾಕ ಹೋದ. ಕಣ್ಣು ಕಿಸದು ನೋಡಿದೆ, ಸುಮ್ಮಾದ.

ಬಾಲು ಊರ ಮಂದಿ ಮುಂದ ಬಾಯಿಗೆ ಬಂದಂಗ ಬೈದ. ಬುದ್ಧಿಗೇಡಿ ಅಂದ, ಗಂಡನ್ನ ತಿನ್ನಾಕಿ ಅಂದ, ಚೇಷ್ಟಾ ಮಾಡಿ ಮಾಡಿ ಕಡೀಕ ಇದನ್ನ ಮಾಡಿದಿ ಅಂದ. ತಿರುಗಿ ಕೊಡಾಕ ನನ್ನ ಕಡೆ ಬೇಕಾದಷ್ಟು ಮಾತಿದ್ವು. ಬಗ್ಗಿ ಚಪ್ಲಿ ಅವನ ಕಾಲ ಮುಂದ ಇಟ್ಟೆ. ಹಿಂದಿನಿಂದ ಅತ್ತಿ ನನ್ನ ಸೆರಗು ಹಿಡಕೊಂಡಿದ್ರು, ಬಿಡಲೇ ಇಲ್ಲ. ನಾನು ಸುಮ್ನ ಬೈಸ್ಕೊಂಡೆ.