ಶೆಟ್ಟರ ಹೋಟೆಲಿನಲ್ಲಿ ಅಮೆರಿಕದ ಸ್ವರ

ಮದ್ರಾಸಿನ ಅಮೆರಿಕನ್ ಲೈಬ್ರರಿಯಿಂದ ಅಂಚೆಯಲ್ಲಿ ಬಂದ ಪೊಟ್ಟಣವನ್ನು ಸರಸ ಟೀಚರ್ ಬಿಚ್ಚಿ ನೋಡಿ ಪುನಃ ಕಟ್ಟಿಟ್ಟರು. ಒಳಗಿದ್ದದ್ದು ಒಂದು ದೊಡ್ಡ ರೆಕಾರ್ಡು. ಅಮೆರಿಕದ ಹಿರಿಯ ಕವಿಯೊಬ್ಬರು ತಮ್ಮ ಪದ್ಯಗಳನ್ನು ತಾವೇ ಓದಿದ್ದು. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅವರಿಗೆ ಅದನ್ನು ಕೇಳುವ ಆಸೆಯ ಜೊತೆಗೆ ಅಂಜಿಕೆಯೂ ಇತ್ತು. ಹಿಂದೆ ತಮ್ಮೂರು ಬೆಳ್ತಂಗಡಿಯಿಂದ ಮಂಗಳೂರಿಗೆ ಟ್ರೈನಿಂಗಿಗೆ ಹೋಗಿದ್ದಾಗ ಅವರು ಪದ್ಯ ಓದಿದ್ದನ್ನು ಕೇಳಿ ಅಧ್ಯಾಪಕರೊಬ್ಬರು, ಇದು ಇಂಗ್ಲಿಷೋ ತುಳುವೋ ಎಂದು ಎಲ್ಲರೆದುರು ಕೇಳಿದ್ದರು. ಅಂದಿನಿಂದ ಸರಸ ತರಗತಿಯಲ್ಲಿ ಪದ್ಯದ ಅರ್ಥ ಹೇಳುತ್ತಿದ್ದರೇ ಹೊರತು ಗಟ್ಟಿಯಾಗಿ ಓದುತ್ತಿರಲಿಲ್ಲ.

ಶಾಲೆಯ ಹಳೆ ಗ್ರಾಮಫೋನಿನಲ್ಲಿ ಇಂಥ ನಿಧಾನವಾಗಿ ತಿರುಗುವ ರೆಕಾರ್ಡು ನಡೆಯುವುದಿಲ್ಲ. ಅದಕ್ಕೆ ಆಗುವ ಕರೆಂಟಿನ ಯಂತ್ರ ಇದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲು ನಡೆಸುವ ಮುಂಡಪ್ಪ ಶೆಟ್ಟರಲ್ಲಿ. ಸರಸ ಸಂಕೋಚದಿಂದ ಕೇಳಿದಾಗ ಶೆಟ್ಟರು, ಊಟದ ಗಲಾಟೆ ಮುಗಿದ ಮೇಲೆ ಬನ್ನಿ ಎಂದರು.

ಹೋಟೆಲು ಖಾಲಿಯಾದ ಮೇಲೆ ಶೆಟ್ಟರು ಕೈ ಒರೆಸಿಕೊಂಡು ರೆಕಾರ್ಡಿನ ಮೇಲೆ ಮುಳ್ಳು ಇಟ್ಟರು. ಸ್ವಲ್ಪ ಹೊತ್ತು ಬರೀ ಗರಗರ ಸದ್ದು, ಆಮೇಲೆ ಒಬ್ಬ ಮುದುಕರ ಸ್ವರ.

ಸರಸ ಕಾದಿದ್ದದ್ದು ರೇಡಿಯೋ ವಾರ್ತೆಯಂಥ, ಇಸ್ತ್ರಿ ಹಾಕಿದ ಇಂಗ್ಲಿಷಿಗೆ. ಈ ಸ್ವರವೋ ಒರಟಾಗಿತ್ತು. ಗದ್ದೆಯ ಬದುವಿನಲ್ಲಿ ನಿಂತು ನೆರೆಮನೆಯವರೊಡನೆ ಮಾತಾಡುವ ಹಾಗೆ, ಯಾವ ಅವಸರವೂ ಇಲ್ಲದೆ ಬರುತ್ತಿತ್ತು. ಕೆಲವು ಪದಗಳನ್ನು ಎಳೆಯುತ್ತಿದ್ದರು, ಕೆಲವನ್ನು ಅರ್ಧ ನುಂಗುತ್ತಿದ್ದರು. ಒಮ್ಮೆ ಕೆಮ್ಮಿದರು. ಪುಟ ತಿರುಗಿಸಿದ್ದೂ ಕೇಳಿಸಿತು. ಮುದಿ ಕುದುರೆಯನ್ನು ಮಾರಲು ಸಂತೆಗೆ ಹೊರಟವನ ಪದ್ಯ ಅದು. ಅವನು ಅರ್ಧ ದಾರಿಯಲ್ಲಿ ಹಗ್ಗ ಎಳೆದು ಕುದುರೆಯನ್ನು ಮನೆಯತ್ತ ತಿರುಗಿಸುವ ಸಾಲು ಬಂದಾಗ ಕವಿ ಸ್ವರ ಏರಿಸಲಿಲ್ಲ, ಒಂದು ಕ್ಷಣ ಓದು ನಿಲ್ಲಿಸಿದರು. ಈ ಸಾಲನ್ನು ಸರಸ ಎಷ್ಟೋ ಸಲ ಓದಿದ್ದರು, ಕೇಳಿದ್ದು ಇದೇ ಮೊದಲು.

ಏನು ಹೇಳ್ತಾರೆ ಎಂದು ಶೆಟ್ಟರು ಕೇಳಿದರು. ಸರಸ ಕತೆಯನ್ನು ತುಳುವಿನಲ್ಲಿ ಹೇಳಿ, ತಡೆದು, ತಮಗೇ ಹೇಳಿಕೊಳ್ಳುವಂತೆ ಅಂದರು:

"ಇವರಿಗೂ ಅವರ ಊರಿನ ಎಳೆತ ಉಂಟು ಶೆಟ್ರೇ. ಅದನ್ನು ಅಡಗಿಸಲಿಕ್ಕೇ ಹೋಗ್ಲಿಲ್ಲ."

ಮರುದಿನ ಅವರು ತರಗತಿಯಲ್ಲಿ ಆ ಪದ್ಯವನ್ನು ಗಟ್ಟಿಯಾಗಿ ಓದಿದರು. ಮೊದಲ ಸಾಲಿಗೆ ಸ್ವರ ನಡುಗಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರಸ ನಿಲ್ಲಿಸಲಿಲ್ಲ. ಕುದುರೆ ತಿರುಗುವಲ್ಲಿಗೆ ಬರುವಾಗ ಮಕ್ಕಳೆಲ್ಲ ತಲೆ ಎತ್ತಿ ಅವರನ್ನೇ ನೋಡುತ್ತಿದ್ದರು.

ಶನಿವಾರ ಮಕ್ಕಳನ್ನೇ ಹೋಟೆಲಿಗೆ ಕರಕೊಂಡು ಹೋದರು. ಶೆಟ್ಟರು ಮೇಜುಗಳನ್ನು ಬದಿಗೆ ಸರಿಸಿಟ್ಟಿದ್ದರು. ಕವಿ ಕೆಮ್ಮಿದಾಗ ಮಕ್ಕಳು ನಕ್ಕರು, ಆಮೇಲೆ ಯಾರೂ ಮಿಸುಕಾಡಲಿಲ್ಲ. ಹಿಂದಿರುಗುವಾಗ ನೀಲಾವತಿ ಎಂಬ ಹುಡುಗಿ ಪಕ್ಕದಲ್ಲಿ ನಡೆಯುತ್ತಾ, ಆ ಕವಿ ನಿಮ್ಮ ಹಾಗೆ ಓದುವುದಿಲ್ಲ ಟೀಚರ್ ಎಂದಳು.

"ಇಲ್ಲ, ನನಗಿಂತ ಚೆಂದ ಓದ್ತಾರೆ" ಎಂದರು ಸರಸ. ಹೇಳುವಾಗ ಅವರಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಸ್ವರಕ್ಕೆ ಏನೂ ಮಾಡದೆ, ಇದ್ದ ಹಾಗೇ ಓದ್ತಾರೆ, ನೋಡು. ಅದೇ ಕಷ್ಟ."