ಹಣೆಯ ಮೇಲಿನ ರೂಪಾಯಿ

ಕೊರಳ ಹಾರ ಸರಿಮಾಡುವ ನೆವದಲ್ಲಿ ಬಗ್ಗಿದ ರುದ್ರೇಶ, ಅಪ್ಪನ ಹಣೆಯ ಮೇಲಿನ ರೂಪಾಯಿಯನ್ನು ಹೆಬ್ಬೆರಳಿನಿಂದ ಮೀಟಿದ. ಹಸಿ ವಿಭೂತಿಗೆ ಅಂಟಿದ್ದು ಸುಲಭಕ್ಕೆ ಬಿಡಲಿಲ್ಲ. ಬಿಟ್ಟೊಡನೆ ಆ ಜಾಗಕ್ಕೆ ಬೇರೊಂದು ರೂಪಾಯಿ ಒತ್ತಿ, ಇದನ್ನು ಜೇಬಿಗಿಳಿಸಿದ. ಹೆಣದ ಹಣೆಗೆ ರೂಪಾಯಿ ಇಡುವುದು ರೂಢಿ. ಅದು ಯಾವ ರೂಪಾಯಿಯೆಂದು ಯಾರು ನೋಡುತ್ತಾರೆ? ಮೊಬೈಲಿನಲ್ಲಿ ಫೋಟೊ ಕಂಡ ಕೊಪ್ಪಳದ ಗಿರಾಕಿಯೊಬ್ಬ ಒಳ್ಳೆಯ ಬೆಲೆ ಹೇಳಿದ್ದ. ಮಣ್ಣಿಗೆ ಹಾಕಿ ಏನು ಬಂತು ಎಂದು ತನಗೆ ತಾನೇ ಹೇಳಿಕೊಂಡರೂ ನಾಚಿಕೆಯಿಂದ ಕಿವಿ ಬಿಸಿಯಾದವು.

*

ಅಪ್ಪ ಕಳಕಪ್ಪ ಕುಷ್ಟಗಿ–ಯಲಬುರ್ಗಾ ಬಸ್ಸಿನ ಕಂಡಕ್ಟರನಾಗಿದ್ದ. ಆ ರೂಪಾಯಿಯನ್ನು ಚಿಲ್ಲರೆಯಾಗಿ ಕೊಟ್ಟರೆ ಯಾರೂ ಮುಟ್ಟಲಿಲ್ಲ. ಅಚ್ಚು ಒಂದು ಬದಿಗೆ ಜಾರಿ, ಇನ್ನೊಂದು ಅಂಚು ಬೋಳಾಗಿತ್ತು. ತನ್ನ ಜೇಬಿನ ರೂಪಾಯಿಯೊಂದನ್ನು ಟಿಕೆಟ್ ಚೀಲಕ್ಕೆ ಹಾಕಿ, ಅದನ್ನು ಮನೆಗೆ ತಂದ.

“ಖೋಟಾ ತಂದೀರಲ್ರಿ,” ಎಂದಳು ಹೆಂಡತಿ ವಿರೂಪಾಕ್ಷಮ್ಮ.

“ಖೋಟಾ ಮನಷಾ ಮಾಡ್ತಾನ. ಇದು ಟಂಕಸಾಲಿ ಮಷಿನ್ ತಪ್ಪಿದ್ದು. ಅಸಲಿ ಐತಿ, ಮುಟ್ಟಿ ನೋಡು.” ಅವಳ ಹೆಬ್ಬೆರಳು ಹಿಡಿದು ಬೋಳಂಚಿನ ಮೇಲೆ ಆಡಿಸಿದ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಓಣಿಯವರು ನಕ್ಕರು. ನೆಂಟರು ಬಂದರೆ ಚಹಾಕ್ಕಿಂತ ಮೊದಲು ರೂಪಾಯಿ ಹೊರಬರುತ್ತಿತ್ತು. “ನಾ ಸತ್ತರ ಹಣಿಗೆ ಇದನ್ನ ಇಡ್ರಿ, ಮರಿಬ್ಯಾಡ್ರಿ,” ಎನ್ನುತ್ತಿದ್ದ.

*

“ತಮ್ಮಾ, ಸ್ವಲ್ಪ ಸರಿ.”

ಗಂಗಾವತಿಯಲ್ಲಿ ಹಳೆ ನಾಣ್ಯದ ವ್ಯಾಪಾರ ಮಾಡುವ ಅಪ್ಪನ ಗೆಳೆಯ ಮಕ್ಬುಲಸಾಬ ಕನ್ನಡಕ ಏರಿಸುತ್ತ ಹೆಣದ ಹತ್ತಿರ ಬಂದ. “ಕಳಕಪ್ಪಣ್ಣನ ರೂಪಾಯಿ ಇನ್ನೊಮ್ಮೆ ನೋಡಿಬಿಡ್ತೀನಿ. ಅಂಥಾದ್ದು ಮತ್ತ ನನ್ನ ಕೈಗೆ ಬರ್ಲೇ ಇಲ್ಲ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ರುದ್ರೇಶನಿಗೆ. ಅಷ್ಟರಲ್ಲಿ ಪಕ್ಕದಲ್ಲೇ ಕೂತಿದ್ದ, ಕಣ್ಣಿಗೆ ಪೊರೆ ಬಂದ ಅವ್ವ, ಗಂಡನ ಹಣೆ ಸವರಿದಳು. ಅವಳ ಹೆಬ್ಬೆರಳು ರೂಪಾಯಿಯ ಅಂಚಿನ ಸುತ್ತ ಒಮ್ಮೆ ತಿರುಗಿತು. ಮತ್ತೊಮ್ಮೆ ತಿರುಗಿತು. ಎಲ್ಲೂ ಬೋಳಿರಲಿಲ್ಲ.

“ಯವ್ವಾ…” ಎಂದ ರುದ್ರೇಶ.

ಅವಳು ಹೆಣದ ರುಮಾಲನ್ನು ಹುಬ್ಬಿನ ತನಕ ಎಳೆದು ರೂಪಾಯಿ ಮುಚ್ಚಿದಳು. “ಬ್ಯಾಡ್ರಿ ಅಣ್ಣಾ. ಭಾಳ ಮಂದಿ ಮುಟ್ಯಾರ. ಹೊತ್ತಾತು, ಎತ್ರಿ ಇನ್ನ.”

“ಆತು ಬಿಡು ತಂಗಿ,” ಎಂದು ಮಕ್ಬುಲಸಾಬ ಕನ್ನಡಕ ತೆಗೆದ.

ಜನ ಎದ್ದರು. ಅವ್ವ ತಡಕಾಡಿ ಮಗನ ಬಲಗೈ ಹಿಡಿದಳು. ಹೆಬ್ಬೆರಳಿಗೆ ಮೆತ್ತಿದ್ದ ಹಸಿ ವಿಭೂತಿ ಅವಳ ಕೈಗೆ ತಾಗಿತು. ಉಂಡ ಕೂಸಿನ ಕೈ ಒರೆಸುವಂತೆ, ಸೆರಗಿನಿಂದ ಅದನ್ನು ತಿಕ್ಕಿ ತಿಕ್ಕಿ ಒರೆಸಿದಳು.