ಅತ್ತಿಗೆಗೆ ಆರಿಸಿದ ಪೆಡಲ್

ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳೆಂದು ಅವಳಿಗೆ ಸಣ್ಣಿ ಎಂಬ ಹೆಸರು ಅಂಟಿಕೊಂಡಿತ್ತು. ಮೂವತ್ತು ದಾಟಿದರೂ ಬಿಟ್ಟಿರಲಿಲ್ಲ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಫ್ರೇಮುಗಳಿಗೆ ಗಾಜು ಕೂರಿಸುವುದು ಅವಳ ಕೆಲಸ. ಅಣ್ಣ, ಅತ್ತಿಗೆ ಕೆಳಗಿನ ಮನೆಯಲ್ಲಿದ್ದರು, ಅವಳು ಮೇಲಿನ ಒಂಟಿ ಕೋಣೆಯಲ್ಲಿ. ಅತ್ತಿಗೆಗೆ ಅದೇ ಬೀದಿಯ ತುದಿಯಲ್ಲಿ ಒಂದು ಹೊಲಿಗೆ ಅಂಗಡಿ ಇತ್ತು. ಬಟ್ಟೆ ಕತ್ತರಿಸುವುದು ಅತ್ತಿಗೆ, ಹೊಲಿಯುವುದು ಸಂಬಳಕ್ಕಿದ್ದ ಹೆಂಗಸು.

ಅತ್ತಿಗೆಗೆ ಸೈಕಲ್ಲಿನ ಹುಚ್ಚು ಹಿಡಿಸಿದ್ದು ಸಣ್ಣಿಯೇ. ರಜೆಯ ಬೆಳಗ್ಗೆ ಇಬ್ಬರೂ ಒಂದು ಗುಂಪಿನ ಜೊತೆ ಊರಾಚೆಯ ಕೆರೆ ಏರಿಯವರೆಗೂ ಹೋಗಿಬರುತ್ತಿದ್ದರು. ಗುಂಪಿನವರ ಪೆಡಲುಗಳೇ ಬೇರೆ. ಶೂ ತಳದಲ್ಲಿ ಒಂದು ಲೋಹದ ತುಂಡು; ಅದನ್ನು ಪೆಡಲಿನ ಮೇಲೆ ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತಿತ್ತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತಿತ್ತು. ಕಾಲು ಜಾರುವ ಮಾತೇ ಇಲ್ಲ, ಏರಿನಲ್ಲಿ ಮೇಲಕ್ಕೆ ಬರುವ ಕಾಲೂ ಕೆಲಸ ಮಾಡುತ್ತದೆ ಎಂದು ಅವರೆಲ್ಲ ಹೇಳುತ್ತಿದ್ದರು. ಏರು ಬಂದಾಗಲೆಲ್ಲ ಇವರಿಬ್ಬರೇ ಹಿಂದೆ ಬೀಳುತ್ತಿದ್ದರು. ನಾವೂ ಹಾಕಿಸಿಬಿಡೋಣ ಎಂದು ಅತ್ತಿಗೆಯೇ ಮೊದಲು ಅಂದದ್ದು. ಸೈಕಲ್ಲಿಗೆ ಕಾಲು ಕಟ್ಟಿಕೊಂಡು ಹೋಗುವವರನ್ನು ಇವತ್ತೇ ಕಂಡೆ ಎಂದು ಅಣ್ಣ ಗೇಲಿ ಮಾಡಿದ. ಇಬ್ಬರೂ ಕಿವಿಗೆ ಹಾಕಿಕೊಳ್ಳದೆ ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟರು. ಹೆಚ್ಚಿನ ಪಾಲು ಅತ್ತಿಗೆಯದೇ.

ಕೊಳ್ಳುವ ದಿನ ಅತ್ತಿಗೆಗೆ ಪುರುಸೊತ್ತಿರಲಿಲ್ಲ. ಒಂದು ನೃತ್ಯಶಾಲೆಯ ಮಕ್ಕಳಿಗೆಲ್ಲ ಉಡುಪು ಹೊಲಿದುಕೊಡಲು ಒಪ್ಪಿಕೊಂಡಿದ್ದಳು. “ನಿಂಗೆ ಸ್ಕ್ರೂ ಸ್ಪ್ಯಾನರು ಎಲ್ಲ ಗೊತ್ತಲ್ಲ, ಇಬ್ಬರಿಗೂ ನೀನೇ ನೋಡಿ ತಗೊಂಡು ಬಾ” ಎಂದು ತನ್ನ ಕಾಲಿನ ಅಳತೆಯನ್ನೂ ದುಡ್ಡನ್ನೂ ಕೊಟ್ಟು ಕಳಿಸಿದಳು.

ಸೈಕಲ್ ಅಂಗಡಿಯ ಮೆಕ್ಯಾನಿಕ್ ಮಾತುಗಾರ. ಇದರ ಹೆಸರೇ ಕ್ಲಿಪ್‌ಲೆಸ್ ಅಂತ, ಅಂದರೆ ಕ್ಲಿಪ್ಪೇ ಇಲ್ಲದ್ದು, ಆದರೆ ಕಚ್ಚಿದರೆ ಬಿಡುವುದಿಲ್ಲ, ಹೆಸರಿಟ್ಟವನನ್ನು ಕೇಳಬೇಕು ಎಂದು ನಗಿಸಿದ. ಆಮೇಲೆ ಒಂದು ಜೊತೆ ಪೆಡಲು ತೆಗೆದು ಕೌಂಟರಿನ ಮೇಲಿಟ್ಟ. ಒಂದು ಬದಿಯಲ್ಲಿ ಕಚ್ಚುವ ಸ್ಪ್ರಿಂಗು, ಇನ್ನೊಂದು ಬದಿ ಮಾಮೂಲಿ ಪೆಡಲಿನಂತೆ ಚಪ್ಪಟೆ. ಭಯವಾದರೆ ಚಪ್ಪಟೆ ಬದಿಗೆ ಕಾಲಿಟ್ಟು ಹೋಗಬಹುದು. ಮೊದಲ ಸಲ ಹಾಕುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಸಾದಾ ಶೂ ತಗೊಂಡರೆ ನಿಮ್ಮ ದುಡ್ಡಿನಲ್ಲಿ ಇಬ್ಬರಿಗೂ ಆಗುತ್ತದೆ ಎಂದ.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಗಾಜಿನ ಬೀರುವಿನಲ್ಲಿ ಒಂದು ಜೊತೆ ಕೆಂಪು ಶೂ ಇತ್ತು. ಲೇಸಿನ ಬದಲು ಸಣ್ಣ ತಿರುಗಣೆ, ತಿರುವಿದರೆ ಪಾದವನ್ನು ಅಪ್ಪಿಕೊಳ್ಳುವಂಥದ್ದು. ಸಣ್ಣಿ ಸುಮ್ಮನೆ ಹಾಕಿ ನೋಡಿದಳು. ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಬಿಚ್ಚಿಡಲು ಮನಸ್ಸಾಗಲಿಲ್ಲ.

ಅದನ್ನು ಕೊಂಡರೆ ಎರಡು ಜೊತೆ ಹೊಸ ಪೆಡಲಿಗೆ ದುಡ್ಡು ಸಾಲುತ್ತಿರಲಿಲ್ಲ. ಹಳೆಯದೇನಾದರೂ ಇದೆಯಾ ಎಂದು ಕೇಳಿದಳು. ಮೆಕ್ಯಾನಿಕ್ ಡಬ್ಬಿಯಿಂದ ಬಣ್ಣ ಸವೆದ ಒಂದು ಜೊತೆ ತೆಗೆದ. ಎರಡೂ ಬದಿಗೆ ಕಚ್ಚುವಂಥದ್ದು. ಯಾರೋ ರೇಸಿನವನು ಬಿಚ್ಚಿಕೊಟ್ಟು ಹೋದದ್ದು. ಕೆಲಸ ಮಾಡುತ್ತದೆ, ಆದರೆ ಸ್ಪ್ರಿಂಗು ಬಿಗಿ, ಹೊಸಬರಿಗೆ ಕೊಡುವುದಾದರೆ ಸ್ಕ್ರೂ ಪೂರ್ತಿ ಸಡಿಲ ಮಾಡಲೇಬೇಕು, ಸೈಕಲ್ ತನ್ನಿ, ನಾನೇ ಮಾಡಿಕೊಡುತ್ತೇನೆ ಎಂದ. ದಿನವಿಡೀ ಸ್ಕ್ರೂ ತಿರುಗಿಸುವುದೇ ನನ್ನ ಕೆಲಸ, ನಾನೇ ನೋಡಿಕೊಳ್ಳುತ್ತೇನೆ ಎಂದಳು ಸಣ್ಣಿ. ಹೊಸ ಪೆಡಲೂ ಕೆಂಪು ಶೂವೂ ತನಗೆ, ಹಳೆಯ ಪೆಡಲೂ ಇದ್ದುದರಲ್ಲಿ ಅಗ್ಗದ ಶೂವೂ ಅತ್ತಿಗೆಗೆ ಎಂದು ಕಟ್ಟಿಸಿಕೊಂಡು ಬಂದಳು.

ಮನೆಗೆ ಬಂದವಳು ಚೀಲ ಬಿಚ್ಚುತ್ತ, ನಿಮ್ಮದು ಹಳೆಯದಾದರೂ ರೇಸಿನವರು ಹಾಕುವಂಥದ್ದು ಅತ್ತಿಗೆ, ಎರಡು ಬದಿಗೂ ಕಚ್ಚುತ್ತದೆ, ನನಗಿಂತ ನಿಮ್ಮ ಕಾಲು ಗಟ್ಟಿ ಎಂದು ಅದನ್ನೇ ತಂದೆ ಎಂದಳು. ಅತ್ತಿಗೆಯ ಮುಖ ಅರಳಿತು. ಇವಳು ಎಷ್ಟು ಯೋಚಿಸಿ ತಂದಿದ್ದಾಳೆ ನೋಡಿ ಎಂದು ಅಣ್ಣನಿಗೆ ತೋರಿಸಿದಳು. ಸಣ್ಣಿ ಬಗ್ಗಿ ಪೆಡಲು ಕೂರಿಸುವುದರಲ್ಲಿ ಮುಳುಗಿದಂತೆ ಮಾಡಿದಳು.

ತನ್ನ ಪೆಡಲಿನ ಸ್ಕ್ರೂಗಳನ್ನು ಅಲೆನ್ ಕೀ ಹಾಕಿ ಸಡಿಲ ಮಾಡಿಕೊಂಡಳು. ಅತ್ತಿಗೆಯವು ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು ನೆನೆಯಲು ಬಿಡಬೇಕಿತ್ತು. ಆಮೇಲೆ ಮಾಡಿದರಾಯಿತು ಎಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ. ಗೋಡೆ ಹಿಡಿದು ಅಭ್ಯಾಸ ಮಾಡುವಾಗ ಅತ್ತಿಗೆ, “ಬಿಗಿ ಇದೆ ಕಣೇ, ಬಿಡಿಸೋಕೆ ಮಂಡಿ ನೋಯುತ್ತೆ” ಅಂದಳು. ಸಣ್ಣಿ ಆಗಲೇ ಶೂ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದಳು. ಮೊದಮೊದಲು ಹಾಗೇ ಇರುತ್ತದೆ, ಅಭ್ಯಾಸ ಆಗುತ್ತದೆ ಎಂದುಬಿಟ್ಟಳು.

ಹೊಸ ಪೆಡಲು ಹಾಕಿದ ಮೊದಲ ಸವಾರಿಯಲ್ಲೇ ಅತ್ತಿಗೆ ಬಿದ್ದಳು. ವೇಗವೇನೂ ಇರಲಿಲ್ಲ. ಬಸ್ ನಿಲ್ದಾಣದ ಎದುರು ಮುಂದಿದ್ದ ಹಾಲಿನ ವ್ಯಾನು ನಿಂತಿತು, ಅತ್ತಿಗೆಯೂ ನಿಂತಳು. ಹಿಮ್ಮಡಿ ತಿರುಗಿಸಿದಳು, ಬಿಡಲಿಲ್ಲ, ಇನ್ನೊಮ್ಮೆ ತಿರುಗಿಸಿದಳು. ಅಷ್ಟರಲ್ಲಿ ಸೈಕಲ್ಲಿನ ಸಮೇತ ಬಲಕ್ಕೆ ವಾಲಿ ನಿಧಾನವಾಗಿ ನೆಲಕ್ಕೆ ಬಂದಳು. ಊರಿಕೊಂಡ ಬಲಗೈಯ ಮಣಿಕಟ್ಟಿನಲ್ಲಿ ಲಟಕ್ಕೆಂದ ಸದ್ದು ಪಕ್ಕದಲ್ಲಿದ್ದ ಸಣ್ಣಿಗೂ ಕೇಳಿಸಿತು. ಬಿದ್ದ ಮೇಲೂ ಪೆಡಲು ಕಾಲು ಬಿಟ್ಟಿರಲಿಲ್ಲ. ಸಣ್ಣಿಯೇ ಕೂತು, ಎರಡೂ ಕೈಯಲ್ಲಿ ಶೂ ಹಿಡಿದು ತಿರುಚಿ ಬಿಡಿಸಬೇಕಾಯಿತು. ತಾನು ಸಡಿಲ ಮಾಡದೆ ಬಿಟ್ಟ ಸ್ಕ್ರೂಗಳಿಂದಲೇ ಇದಾಯಿತೆಂದು ಆಗ ಅವಳಿಗೆ ಗೊತ್ತಾಗಿಹೋಯಿತು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಮೊಣಕೈವರೆಗೂ ಪ್ಲಾಸ್ಟರ್ ಹಾಕಿದರು. ಅತ್ತಿಗೆ ಅಳಲಿಲ್ಲ, ಅತ್ತಿದ್ದರೆ ಎಷ್ಟೋ ವಾಸಿಯಿತ್ತು ಎಂದು ಸಣ್ಣಿಗೆ ಆಮೇಲೆ ಅನಿಸಿತು. ನೋಡಲು ಬಂದವರಿಗೆಲ್ಲ ಅತ್ತಿಗೆ ಬಿದ್ದ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತಿದ್ದಳು. ಕಡಿದ ಮರ ಉರುಳಿದ ಹಾಗೆ ಉರುಳಿದೆ, ಬಸ್ಸಿಗೆ ಕಾದವರೆಲ್ಲ ಬಸ್ಸು ಬಿಟ್ಟು ನನ್ನನ್ನೇ ನೋಡಿದರು, ರೇಸಿನ ಪೆಡಲು ಹಾಕಿದರೆ ರೇಸಿನ ಬುದ್ಧಿ ಬರುತ್ತದೆಯೇ, ನನ್ನ ಕಾಲಿಗೆ ಮಾತು ಅರ್ಥವಾಗುವಷ್ಟರಲ್ಲಿ ನಾನು ನೆಲದಲ್ಲಿದ್ದೆ ಎಂದು ನಗಿಸುತ್ತಿದ್ದಳು. ಎಲ್ಲರ ಜೊತೆ ಸಣ್ಣಿಯೂ ನಗುತ್ತಿದ್ದಳು. ಒಂದು ಸಲ ಯಾರೋ, ಆಮೇಲೆ ಏನಾಯಿತು ಎಂದು ಕೇಳಿದಾಗ, ಕಾಲು ಬಿಡಿಸಿದ ಭಾಗವನ್ನು ಅವಳೇ ನಟಿಸಿ ತೋರಿಸಿದಳು. ತೋರಿಸಿ ಮೇಲಿನ ಕೋಣೆಗೆ ಹೋದವಳಿಗೆ ಊಟ ಸೇರಲಿಲ್ಲ.

ಕತ್ತರಿ ಹಿಡಿಯುವ ಕೈಯೇ ಹೋಗಿತ್ತು. ನೃತ್ಯಶಾಲೆಯ ಉಡುಪುಗಳು ಅರ್ಧಕ್ಕೇ ನಿಂತವು. ಸಣ್ಣಿ ಕನ್ನಡಕದ ಅಂಗಡಿಯಿಂದ ನೇರ ಹೊಲಿಗೆ ಅಂಗಡಿಗೆ ಹೋಗತೊಡಗಿದಳು. ಅತ್ತಿಗೆ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಸೊಟ್ಟಸೊಟ್ಟಗೆ ಗೆರೆ ಹಾಕುತ್ತಿದ್ದಳು, ಸಣ್ಣಿ ಅದನ್ನು ಸರಿಪಡಿಸಿಕೊಂಡು ಕತ್ತರಿಸುತ್ತಿದ್ದಳು. ಬೆರಳಿನ ಬುಡದಲ್ಲಿ ಗುಳ್ಳೆ ಎದ್ದಿತು. ಆ ನೋವು ಅವಳಿಗೆ ಬೇಕಾಗಿತ್ತು. ಆದರೆ ಗಿರಾಕಿಗಳು ಬಂದಾಗ ಅತ್ತಿಗೆ, ಇವಳು ನನ್ನ ನಾದಿನಿ, ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎನ್ನುತ್ತಿದ್ದಳು. ಆಗ ಗುಳ್ಳೆಯೂ ಕೆಲಸಕ್ಕೆ ಬರುತ್ತಿರಲಿಲ್ಲ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಳು. ಪ್ರತಿ ಸಲವೂ ಏನೋ ಒಂದು ನೆಪ. ಮೊದಲು ಪ್ಲಾಸ್ಟರ್ ಬಿಚ್ಚಲಿ, ಉಡುಪುಗಳು ಮುಗಿಯಲಿ, ಈಗ ಹೇಳಿ ಅವರ ಮನಸ್ಸು ಕೆಡಿಸುವುದೇಕೆ. ಒಂದು ದಿನ ಆ ಪೆಡಲುಗಳನ್ನು ಬಿಚ್ಚಿಕೊಂಡು ಮೆಕ್ಯಾನಿಕನ ಬಳಿಗೂ ಹೋದಳು. ಸ್ಪ್ರಿಂಗೇ ಕೆಟ್ಟಿರಬಹುದು ಎಂಬ ಸಣ್ಣ ಆಸೆ. ಮೆಕ್ಯಾನಿಕ್ ನೋಡಿ, ಸ್ಪ್ರಿಂಗು ಚೆನ್ನಾಗಿದೆ, ಸ್ಕ್ರೂ ಮುಟ್ಟಿಯೇ ಇಲ್ಲವಲ್ಲ ಎಂದ. ಎಣ್ಣೆ ಬಿಟ್ಟು, ಒಂದು ಗಿರಾಕಿಯ ಜೊತೆ ಮಾತಾಡಿ ಬಂದು, ಎರಡೂ ಪೆಡಲನ್ನು ಸಡಿಲ ಮಾಡಿಕೊಟ್ಟ. ಅಷ್ಟೇ ಕೆಲಸ.

ಕಡೆಗೆ ಅವಳ ಬಾಯಿ ಬಿಡಿಸಿದ್ದು ಅಣ್ಣನ ಮಾತು. ಆ ಸೈಕಲ್ಲನ್ನು ಮಾರಿಬಿಡೋಣ, ಆಫೀಸಿನಲ್ಲಿ ಒಬ್ಬರು ಕೇಳುತ್ತಿದ್ದಾರೆ ಎಂದು ಒಂದು ಬೆಳಗ್ಗೆ ಹೇಳಿದ. ಅತ್ತಿಗೆ ಜಗಳವಾಡುತ್ತಾಳೆ ಎಂದು ಸಣ್ಣಿ ಕಾದಳು. ಅತ್ತಿಗೆ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲೆ ಸರಿಮಾಡಿಕೊಂಡು, ಮಾರಿಬಿಡಿ ಎಂದಳು. ನನ್ನ ಕೈಲಾಗುವುದಲ್ಲ ಇದು, ಎಲ್ಲರಿಗೂ ಬರುವುದು ನನಗೆ ಬರಲಿಲ್ಲ. ಈ ಸಲ ಅದರಲ್ಲಿ ನಗು ಇರಲಿಲ್ಲ.

ಆ ಸಂಜೆ ಹೊಲಿಗೆ ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಸಣ್ಣಿ ಹೇಳಿದಳು. ಕೆಂಪು ಶೂವಿನಿಂದ ಶುರುಮಾಡಿ, ಮೆಕ್ಯಾನಿಕ್ ಹೇಳಿದ್ದು, ತಾನು ಸುಳ್ಳು ಹೇಳಿ ಹಳೆಯದನ್ನು ದಾಟಿಸಿದ್ದು, ಸ್ಕ್ರೂ ಹಾಗೇ ಬಿಟ್ಟದ್ದು, ಬಿಗಿ ಇದೆ ಅಂದಾಗಲೂ ತಳ್ಳಿಹಾಕಿದ್ದು, ಯಾವುದನ್ನೂ ಬಿಡಲಿಲ್ಲ. ನಿಮ್ಮ ತಪ್ಪು ಏನೂ ಇಲ್ಲ ಅತ್ತಿಗೆ, ಯಾರು ಹಾಕಿದ್ದರೂ ಬೀಳುತ್ತಿದ್ದರು ಎಂದಳು. ಕತ್ತರಿ ಇನ್ನೂ ಕೈಯಲ್ಲೇ ಇತ್ತು.

ಅತ್ತಿಗೆ ಅರ್ಧ ಕತ್ತರಿಸಿದ ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಶೂ ಬೇಕು ಅಂದಿದ್ರೆ ನಾನೇ ತಗೋ ಅಂತಿದ್ದೆ” ಅಂದಳು. “ನಾನು ಇನ್ನೊಂದು ತಿಂಗಳು ಕಾಯ್ತಿದ್ದೆ.”

ಸಣ್ಣಿ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

“ಬಿದ್ದಿದ್ದು ಹೋಗಲಿ. ಕೈ ಕೂಡ್ಕೊಳ್ಳುತ್ತೆ. ಆದ್ರೆ ಬಂದವರ ಮುಂದೆಲ್ಲ ನನ್ನನ್ನ ನಾನೇ ಆಡ್ಕೊಂಡೆನಲ್ಲೇ. ನೀನು ಪಕ್ಕದಲ್ಲಿ ಕೂತು ನಕ್ಕೆ.”

ತಪ್ಪಾಯಿತು ಎಂದದ್ದು ಸಣ್ಣಿಗೇ ತೀರಾ ಹಗುರವಾಗಿ ಕೇಳಿಸಿತು. ಉಳಿದದ್ದನ್ನು ಕತ್ತರಿಸಿ ಹೋಗು, ನಾಳೆ ಕೊಡಬೇಕು ಎಂದು ಹೇಳಿ ಅತ್ತಿಗೆ ಎದ್ದು ಮನೆಗೆ ಹೋದಳು.

ಅಣ್ಣನಿಗೂ ಸಣ್ಣಿಯೇ ಹೇಳಿದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಸುಮ್ಮನೆ ಫೋನು ತೆಗೆದು, ಸೈಕಲ್ ಮಾರುವುದಿಲ್ಲ ಎಂದು ಆಫೀಸಿನವರಿಗೆ ತಿಳಿಸಿದ. ಕೆಂಪು ಶೂವನ್ನೂ ಹೊಸ ಪೆಡಲನ್ನೂ ಅತ್ತಿಗೆಗೆ ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ. ನಿನ್ನ ಕಾಲಿನ ಅಳತೆ ನನಗೆ ಆಗುವುದಿಲ್ಲ ಎಂದಳು. ಅದು ನಿಜವೂ ಆಗಿತ್ತು. ಸಂಜೆಗಳಲ್ಲಿ ಕತ್ತರಿಸುವ ಕೆಲಸ ನಡೆಯಿತು, ಆದರೆ ಗೆರೆ, ಅಳತೆ, ದಾರ ಬಿಟ್ಟರೆ ಬೇರೆ ಮಾತಿರಲಿಲ್ಲ. ಗಿರಾಕಿಗಳಿಗೆ ನಾದಿನಿಯನ್ನು ಹೊಗಳುವುದೂ ನಿಂತಿತು. ವಿಚಿತ್ರವೆಂದರೆ ಅದರಿಂದ ಸಣ್ಣಿಗೆ ಉಸಿರು ಸ್ವಲ್ಪ ಸರಾಗವಾಯಿತು.

ಪ್ಲಾಸ್ಟರ್ ಬಿಚ್ಚಿ, ಕೈಗೆ ಬಲ ಬಂದ ಮೇಲೆ ಒಂದು ಬೆಳಗ್ಗೆ ಅತ್ತಿಗೆ ಮೆಟ್ಟಿಲ ಕೆಳಗಿಂದ ಕೂಗಿ, ಸೈಕಲ್ ಅಂಗಡಿಗೆ ಹೋಗುತ್ತಿದ್ದೇನೆ, ಬರುವುದಾದರೆ ಬಾ ಎಂದಳು. ದಾರಿಯುದ್ದಕ್ಕೂ ಸೈಕಲ್ಲನ್ನು ತಾನೇ ತಳ್ಳಿಕೊಂಡು ನಡೆದಳು. ಅಂಗಡಿಯಲ್ಲಿ ಮೆಕ್ಯಾನಿಕನನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದಳು. ಯಾವ ಸ್ಕ್ರೂ ಯಾತಕ್ಕೆ, ಸಡಿಲ ಯಾವ ಕಡೆ, ಬಿಗಿ ಯಾವ ಕಡೆ, ಬಿಡಲು ಎಷ್ಟು ತಿರುಗಿಸಬೇಕು. ಒಂದು ಬದಿ ಚಪ್ಪಟೆಯಿದ್ದ ಪೆಡಲನ್ನೇ ಆರಿಸಿ ಸೈಕಲ್ಲಿಗೆ ಹಾಕಿಸಿದಳು. ಅಲೆನ್ ಕೀ ಈಸಿಕೊಂಡು ತಾನೇ ಬಗ್ಗಿ, ಸೆಟೆದುಕೊಂಡಿದ್ದ ಮಣಿಕಟ್ಟಿನಲ್ಲಿ ಕಷ್ಟಪಟ್ಟು ಸ್ಕ್ರೂ ತಿರುಗಿಸಿದಳು. ಸಣ್ಣಿ ಸಹಾಯಕ್ಕೆ ಕೈ ಚಾಚಿ ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ಅತ್ತಿಗೆ ಸೀಟಿನ ಮೇಲೆ ಹತ್ತಿ ಕೂತು, “ಹಿಡ್ಕೋ” ಅಂದಳು.

ಸಣ್ಣಿ ಹ್ಯಾಂಡಲನ್ನೂ ಸೀಟನ್ನೂ ಗಟ್ಟಿಯಾಗಿ ಹಿಡಿದು ನಿಂತಳು. ಅತ್ತಿಗೆ ಒಂದು ಕಾಲು ಕಚ್ಚಿಸಿ ಬಿಡಿಸಿದಳು, ಇನ್ನೊಂದು ಕಾಲು ಕಚ್ಚಿಸಿ ಬಿಡಿಸಿದಳು. ಮತ್ತೆ ಮಾಡಿದಳು. ಸಣ್ಣಿಯ ತೋಳು ಸೋತರೂ ಅತ್ತಿಗೆ ಸಾಕು ಎನ್ನಲಿಲ್ಲ, ಸಣ್ಣಿಯೂ ಕೈ ಬಿಡಲಿಲ್ಲ.